ಸರ್ವಮಂಗಳಾಳ ಹಾಜರಿ

ಚಾಮರಾಜಪುರಂನ ನಮ್ಮ ಶಾಲೆಯಲ್ಲಿ ಕಳೆದ ವರ್ಷ ನಾಲ್ಕನೇ ತರಗತಿಯ ಒಬ್ಬ ವಿದ್ಯಾರ್ಥಿನಿ ತನ್ನ ಹೆಸರು ಕೂಗಿದಾಗ ಓಗೊಡುತ್ತಿರಲಿಲ್ಲ. ಮೂರು ಹಂತಗಳ ಬೆಂಬಲ ನೀಡಿ ಈ ದೋಷವನ್ನು ಸಂಪೂರ್ಣವಾಗಿ ನಿವಾರಿಸಲಾಯಿತು. ನಾನು ಇದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಕೈಬರಹ ಚೆನ್ನಾಗಿದೆ ಎಂಬ ಕಾರಣಕ್ಕೆ ವಿದ್ಯಾರ್ಥಿ ಬೆಂಬಲ ಸಮಿತಿಯ ಕಾರ್ಯದರ್ಶಿಯಾಗಿ ನೇಮಕಗೊಂಡವನು. ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ನನ್ನ ಕರ್ತವ್ಯ.

ಹುಡುಗಿ ಜೂನ್‌ನಲ್ಲಿ ಮಂಡಕಳ್ಳಿ ಕಡೆಯಿಂದ ಬಂದು ಸೇರಿದವಳು. ತಂದೆ ಮಹೇಂದ್ರ ಗೂಡ್ಸ್ ಆಟೋ ಓಡಿಸುತ್ತಾರೆ, ತಾಯಿ ಪದ್ಮಾವತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಬೌದ್ಧ ಧಮ್ಮ ಸ್ವೀಕರಿಸಿದ್ದ ತಾತ ಸಣ್ಣಯ್ಯನವರು ಮೊಮ್ಮಗಳಿಗೆ ಸಂಘಮಿತ್ರ ಎಂದು ಹೆಸರಿಟ್ಟು, ಮರುವರ್ಷವೇ ತೀರಿಕೊಂಡಿದ್ದರು. ದಾಖಲಾತಿಯ ದಿನ ಕಚೇರಿಯ ಆಪರೇಟರ್ ಸಿದ್ದೇಶ್ 'ಸ' ಎಂದು ಒತ್ತಿದ ಕೂಡಲೇ ಕಂಪ್ಯೂಟರ್ ತಾನಾಗಿಯೇ 'ಸರ್ವಮಂಗಳಾ' ಎಂದು ತೋರಿಸಿತು. ಊಟದ ಹೊತ್ತಾಗಿತ್ತು. ಸಿದ್ದೇಶ್ ಅದನ್ನೇ ಒತ್ತಿ ಎದ್ದ.

ಮಾರನೆಯ ದಿನದಿಂದ ಹಾಜರಿ ಕರೆಯುವಾಗ 'ಸರ್ವಮಂಗಳಾ' ಎಂದರೆ ಯಾರೂ ಏಳಲಿಲ್ಲ. ಮೊದಲ ಬೆಂಚಿನಲ್ಲಿ ದಿನವೂ ಕೂರುತ್ತಿದ್ದ ಹುಡುಗಿ ಪುಸ್ತಕದಲ್ಲಿ ಸತತ ಇಪ್ಪತ್ತೆರಡು ದಿನ ಗೈರುಹಾಜರಾದಳು. ಕಿರುಪರೀಕ್ಷೆಯಲ್ಲಿ ಸರ್ವಮಂಗಳಾಳಿಗೆ ಎಲ್ಲ ವಿಷಯದಲ್ಲೂ ಸೊನ್ನೆ ಬಂತು. ಗಣಿತದಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು ಪಡೆದಿದ್ದ ಸಂಘಮಿತ್ರ ಎಂಬುವವರ ಉತ್ತರಪತ್ರಿಕೆಯೊಂದು ಸಿಕ್ಕಿತಾದರೂ, ಆ ಹೆಸರಿನ ವಿದ್ಯಾರ್ಥಿನಿ ಶಾಲೆಯಲ್ಲಿ ಇಲ್ಲದ ಕಾರಣ ಅದನ್ನು ವಾರಸುದಾರರಿಲ್ಲದ ವಸ್ತುಗಳ ಬೀರುವಿನಲ್ಲಿ, ಒಂದು ಕೊಡೆ ಮತ್ತು ಎರಡು ಟಿಫನ್ ಡಬ್ಬಿಗಳ ಜೊತೆ ಇಡಲಾಯಿತು.

ಕ್ಲಾಸ್ ಟೀಚರ್ ವರದಿಯಲ್ಲಿ ಹೀಗೆ ಬರೆದರು: "ಹೆಸರು ಕೂಗಿದರೆ ಸುಮ್ಮನಿರುತ್ತಾಳೆ. ಎದುರು ನಿಲ್ಲಿಸಿ ಕೇಳಿದರೆ ಬೇರೆ ಹೆಸರು ಹೇಳುತ್ತಾಳೆ. ಕಲಿಕೆಯಲ್ಲೂ ನಡವಳಿಕೆಯಲ್ಲೂ ಹಿಂದುಳಿದಿದ್ದಾಳೆ."

ಮುಖ್ಯೋಪಾಧ್ಯಾಯರಾದ ಸಿದ್ದಮಲ್ಲಪ್ಪನವರು ತಂದೆಯನ್ನು ಕರೆಸಿದರು. ಮಹೇಂದ್ರ ಜನನ ಪ್ರಮಾಣಪತ್ರ, ಆಧಾರ್, ಹಳೇ ಶಾಲೆಯ ಟಿ.ಸಿ. ಎಲ್ಲವನ್ನೂ ತಂದು ಮೇಜಿನ ಮೇಲೆ ಹರಡಿದರು.

"ಸಾರ್, ಅವಳ ಹೆಸರು ಸಂಘಮಿತ್ರ. ನಿಮ್ಮ ಪುಸ್ತಕದಲ್ಲಿ ತಪ್ಪಾಗಿದೆ, ಸರಿ ಮಾಡ್ಕೊಡಿ."

ಸಿದ್ದಮಲ್ಲಪ್ಪನವರು ಕನ್ನಡಕ ಹಾಕಿಕೊಂಡು ಒಂದೊಂದೇ ಕಾಗದವನ್ನು ಓದಿದರು. "ದಾಖಲೆ ಎಲ್ಲಾ ಅಚ್ಚುಕಟ್ಟಾಗಿದೆ ಕಣ್ರೀ. ತಿದ್ದುಪಡಿ ಖಂಡಿತ ಆಗುತ್ತೆ. ಅರ್ಜಿ ಮಾತ್ರ ವಿದ್ಯಾರ್ಥಿನಿಯ ತಂದೆ ಕೊಡಬೇಕು."

"ನಾನೇ ತಂದೆ ಸಾರ್."

"ನೀವು ಸಂಘಮಿತ್ರಳ ತಂದೆ. ಈ ಕಾಗದಗಳೇ ಹೇಳ್ತಾವೆ. ತಿದ್ದುಪಡಿ ಆಗಬೇಕಾಗಿರೋದು ಸರ್ವಮಂಗಳಾಳ ದಾಖಲೆ. ಅವಳ ತಂದೆ ಬಂದು ಸಹಿ ಹಾಕಲಿ, ಇವತ್ತೇ ಕಳಿಸ್ತೀನಿ."

ಮಹೇಂದ್ರ ಕಾಗದಗಳನ್ನು ಒಂದೊಂದಾಗಿ ಜೋಡಿಸಿಕೊಂಡರು. "ಅಂಥೋರು ಯಾರೂ ಇಲ್ವಲ್ಲ ಸಾರ್."

"ಅದೇ ನೋಡಿ, ಆ ಮಗುವಿನ ಕಷ್ಟ," ಎಂದು ಸಿದ್ದಮಲ್ಲಪ್ಪನವರು ನಿಟ್ಟುಸಿರು ಬಿಟ್ಟರು. ನಾನು ನಡಾವಳಿಯಲ್ಲಿ 'ಪೋಷಕರ ಸಹಕಾರ ದೊರೆಯಲಿಲ್ಲ' ಎಂದು ಬರೆದೆ.

ಆಗಲೇ ಮೂರು ಹಂತದ ಬೆಂಬಲ ಶುರುವಾಯಿತು. ಮೊದಲನೆಯ ಹಂತ ಇಡೀ ತರಗತಿಗೆ. ಹೆಸರು ಕೂಗಿದರೆ ಎದ್ದು ನಿಲ್ಲುವುದು ಒಳ್ಳೆಯ ಮಕ್ಕಳ ಲಕ್ಷಣ ಎಂದು ನಲವತ್ತೊಂದು ಮಕ್ಕಳು ಬೆಳಿಗ್ಗೆ ಐದು ಸಲ ಹೇಳಬೇಕು. ಸಂಘಮಿತ್ರ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದಳು. ಆಮೇಲೆ ಹೆಸರು ಕೂಗಿದಾಗ ಏಳಲಿಲ್ಲ.

ಎರಡನೆಯ ಹಂತ ಸಣ್ಣ ಗುಂಪಿಗೆ. ಗುಂಪಿನಲ್ಲಿ ನಾಲ್ವರಾದರೂ ಇರತಕ್ಕದ್ದು ಎಂದು ನಿಯಮ. ಈ ದೋಷವಿರುವವಳು ಒಬ್ಬಳೇ ಆದ್ದರಿಂದ, ಕರೆದರೆ ಓಡಿ ಬರುತ್ತಿದ್ದ ಮೂವರನ್ನು ಸೇರಿಸಿಕೊಂಡೆವು. ಮೂರನೇ ವಾರದ ಹೊತ್ತಿಗೆ ಆ ಮೂವರೂ ಕರೆದರೆ ಬರುವುದನ್ನು ನಿಲ್ಲಿಸಿದರು. ಅಗತ್ಯವುಳ್ಳ ಮಕ್ಕಳನ್ನು ಮೊದಲೇ ಗುರುತಿಸಿದ್ದಕ್ಕಾಗಿ ಸಮಿತಿಗೆ ಮೆಚ್ಚುಗೆ ಪತ್ರ ಬಂತು.

ಮೂರನೆಯ ಹಂತ ಒಬ್ಬೊಬ್ಬರಿಗೆ. ಅದಕ್ಕೆ ಬೆಂಬಲ ಶಿಕ್ಷಕಿಯಾಗಿ ನಿಶ್ಚಿತಾ ಎಂಬ ಹೊಸ ಮೇಡಂ ಬಂದಿದ್ದರು. ಮೊದಲ ದಿನವೇ ಅವರು ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ, "ಸರ್, ಆ ಮಗುವಿಗೆ ಯಾವ ತೊಂದರೆನೂ ಇಲ್ಲ. ಹೆಸರೇ ಬೇರೆ," ಎಂದರು.

"ನೋಡಮ್ಮ, ಕಾರಣ ಹುಡುಕೋಕೆ ನಮಗೆ ಅವಕಾಶ ಕೊಟ್ಟಿಲ್ಲ. ಬೆಂಬಲ ಕೊಡೋಕೆ ಕೊಟ್ಟಿದಾರೆ," ಎಂದರು ಸಿದ್ದಮಲ್ಲಪ್ಪನವರು. "ನಲವತ್ತು ದಿನದಲ್ಲಿ ಸುಧಾರಿಸದಿದ್ರೆ ಮಗು ಸಾಮಾನ್ಯ ಶಾಲೆಗೆ ಯೋಗ್ಯ ಅಲ್ಲ ಅಂತ ಬರೆದು ಕಳಿಸಬೇಕಾಗುತ್ತೆ. ಅದನ್ನ ನಾನು ಬರೆಯೋ ಹಾಗೆ ಮಾಡಬೇಡಿ."

ನಿಶ್ಚಿತಾ ಮೇಡಂ ಅದನ್ನು ಬರೆಯುವ ಹಾಗೆ ಮಾಡಲಿಲ್ಲ. ದಿನವೂ ಹದಿನೈದು ನಿಮಿಷ, ಲ್ಯಾಬಿನ ಅಸ್ಥಿಪಂಜರದ ಪಕ್ಕದ ಸ್ಟೂಲಿನಲ್ಲಿ ಹುಡುಗಿಯನ್ನು ಕೂರಿಸಿ, 'ಸರ್ವಮಂಗಳಾ' ಎಂದು ಕೂಗಿದರು. ಮೂರನೆಯ ವಾರಕ್ಕೆ ಅವರ ಗಂಟಲು ಕಟ್ಟಿತು. ಇಪ್ಪತ್ತಾರನೆಯ ದಿನ ನಾನು ವೀಕ್ಷಕನಾಗಿ ಅಲ್ಲೇ ಕೂತಿದ್ದೆ.

"ಮಿಸ್, ನೀವು ಬಿಸಿನೀರು ಕುಡೀರಿ," ಎಂದಳು ಹುಡುಗಿ.

"ನೀನು ಒಂದು ಸಲ 'ಎಸ್ ಮಿಸ್' ಅಂದ್ಬುಡು ಮರಿ. ಇಬ್ಬರಿಗೂ ಬಿಡುಗಡೆ."

"ಹಂಗನ್ನಬಾರದು ಮಿಸ್. ಆ ಹುಡುಗಿ ಒಂದಿನಾನೂ ಸ್ಕೂಲಿಗೆ ಬಂದಿಲ್ಲ. ಬರದೇ ಇರೋರ ಹಾಜರಿ ಇನ್ನೊಬ್ಬರು ಹೇಳೋದು ಮೋಸ ಅಂತ ಹಳೇ ಸ್ಕೂಲಲ್ಲಿ ಹೇಳ್ಕೊಟ್ಟಿದ್ರು."

ನಿಶ್ಚಿತಾ ಮೇಡಂ ಕಿಟಕಿ ಕಡೆ ತಿರುಗಿಕೊಂಡರು. "ಅವಳಿಗೆ ಬರೋಕಾಗಲ್ಲ ಮರಿ. ಅವಳ ಬದಲಿಗೆ ನೀನು ಹೇಳು. ಯಾರೂ ಬೈಯಲ್ಲ," ಎಂದರು.

"ಅವಳು ಬಂದ್ರೆ?"

"ಬಂದ್ರೆ ನಾನು ಹೇಳ್ತೀನಿ."

ಮಾರನೆಯ ದಿನ ಹಾಜರಿ ಕರೆಯುವಾಗ ಹುಡುಗಿ ತಲೆ ತಗ್ಗಿಸಿ ಎದ್ದು ನಿಂತು 'ಎಸ್ ಮಿಸ್' ಎಂದಳು. ಅಂತಿಮ ವರದಿಯನ್ನು ನಾನೇ ಬರೆದೆ: "ವಿದ್ಯಾರ್ಥಿನಿಯಲ್ಲಿ ಪ್ರಾಮಾಣಿಕತೆಯು ಅಗತ್ಯಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿದ್ದು, ನಿರಂತರ ಬೆಂಬಲದಿಂದ ಅದನ್ನು ಸಾಮಾನ್ಯ ಮಟ್ಟಕ್ಕೆ ಇಳಿಸಲಾಗಿದೆ."

ಸುಧಾರಣೆ ಕೆಡದಿರಲೆಂದು ಮನೆಗೊಂದು ಸೂಚನಾಪತ್ರ ಹೋಯಿತು. ಮನೆಯಲ್ಲಿಯೂ ಮಗುವನ್ನು ದಾಖಲೆಯಲ್ಲಿರುವ ಹೆಸರಿನಿಂದಲೇ ಕರೆಯತಕ್ಕದ್ದು. ಪದ್ಮಾವತಿ ಎರಡು ದಿನ ಹೊಲಿಗೆ ಮೆಷಿನ್ ಮುಟ್ಟಲಿಲ್ಲವಂತೆ. ಮೂರನೆಯ ದಿನ ಊಟಕ್ಕೆ ಕರೆಯುವಾಗ ಹೊಸ ಹೆಸರನ್ನೇ ಕೂಗಿದರಂತೆ; ಹುಡುಗಿ ಬಂದು ಕೂತಳಂತೆ. ಮಹೇಂದ್ರನ ತಾಯಿ ಬೀರಮ್ಮನವರು, "ನನ್ನ ಗಂಡ ಇಟ್ಟ ಹೆಸರು ಬುಟ್ಟು ಬೇರೆ ಹೆಸರು ನನ್ನ ಬಾಯಲ್ಲಿ ಬರಾಕಿಲ್ಲ," ಎಂದು, ಅಲ್ಲಿಂದಾಚೆಗೆ 'ಕೂಸೇ' ಎಂದಷ್ಟೇ ಕರೆದರು. ಕೂಸು ಎಂಬುದು ಯಾವ ದಾಖಲೆಗೂ ವಿರುದ್ಧವಾಗಿಲ್ಲದ್ದರಿಂದ ಸಮಿತಿ ಆಕ್ಷೇಪಿಸಲಿಲ್ಲ.

ವಾರ್ಷಿಕೋತ್ಸವದಲ್ಲಿ ಸರ್ವಮಂಗಳಾಳಿಗೆ 'ಅತ್ಯಂತ ಸುಧಾರಿತ ವಿದ್ಯಾರ್ಥಿನಿ' ಪದಕ ಕೊಟ್ಟೆವು. ಮಹೇಂದ್ರ ಹಿಂದಿನ ಸಾಲಿನಲ್ಲಿ ನಿಂತು ಎಲ್ಲರಂತೆ ಚಪ್ಪಾಳೆ ತಟ್ಟಿದರು.

ಇದರಿಂದ ಸುತ್ತಮುತ್ತಲಿನವರಿಗೆ ಒಂದು ತಿಳಿವಳಿಕೆ ಬಂದಿದೆ. ಹೆಸರಿಟ್ಟು ಆಮೇಲೆ ಮಗುವನ್ನು ಸುಧಾರಿಸುವ ಬದಲು, ಕಂಪ್ಯೂಟರಿನಲ್ಲಿ ಯಾವ ಹೆಸರು ಬರುತ್ತದೆಂದು ಮೊದಲೇ ವಿಚಾರಿಸಿಕೊಳ್ಳುವುದು ಮೇಲು ಎಂದು ಜನ ನೇರವಾಗಿ ಕಚೇರಿಗೇ ಬರುತ್ತಿದ್ದಾರೆ. ಗಲಾಟೆಯಾಗದಿರಲೆಂದು ಸಿದ್ದಮಲ್ಲಪ್ಪನವರು ಬಾಗಿಲಿಗೆ ಫಲಕ ಹಾಕಿಸಿದ್ದಾರೆ: 'ನಾಮಕರಣ ವಿಚಾರಣೆ: ಮಂಗಳವಾರ ಮತ್ತು ಶುಕ್ರವಾರ. ಮಗುವನ್ನು ಕರೆತರುವ ಅಗತ್ಯವಿಲ್ಲ.' ಫಲಕದ ಅಕ್ಷರ ನನ್ನದೇ.

ಮೊನ್ನೆ ಶುಕ್ರವಾರ ಅಗ್ರಹಾರದಿಂದ ಧರಣಿ ಎಂಬ ಬಾಣಂತಿ ಬಂದಿದ್ದರು. ಹನ್ನೊಂದು ದಿನದ ಕೂಸು ಅಜ್ಜಿಯ ತೋಳಿನಲ್ಲಿತ್ತು.

"ಗಂಡು ಮಗು ಸಾರ್. ಏನು ಬರುತ್ತೆ ನೋಡಿ," ಎಂದರು.

ಸಿದ್ದೇಶ್ ಎರಡು ಸಲ ಒತ್ತಿ ನೋಡಿದ. "ಸರ್ವರ್ ಇಲ್ಲ ಕಣಮ್ಮ. ಮಂಗಳವಾರ ಬನ್ನಿ."

"ಆಗಲಿ ಸಾರ್," ಎಂದು ಧರಣಿ ಸೆರಗು ಸರಿಮಾಡಿಕೊಂಡರು. ಆಮೇಲೆ ತಾಯಿಯ ಕಡೆ ತಿರುಗಿ ಹೇಳಿದರು: "ಅಮ್ಮ, ಅಲ್ಲೀಗಂಟ ಮಗೂನ ಏನಂತಲೂ ಕರೀಬ್ಯಾಡ. ಅಭ್ಯಾಸ ಆಗೋದ್ರೆ ಕಷ್ಟ."