ಹೋಸ್ಟಿನ ಸುಸ್ತು

ಮನೆಗೆ ಬಂದವರಿಗೆ ಮನೆಯ ಒಳಗುಟ್ಟು ಎಷ್ಟು ತಿಳಿಯಬೇಕು ಎನ್ನುವುದು ನನ್ನ ಮಟ್ಟಿಗೆ ಅಡುಗೆಮನೆಯ ಬಾಗಿಲು ಎಷ್ಟು ತೆರೆದಿರಬೇಕು ಎನ್ನುವಷ್ಟೇ ಪ್ರಶ್ನೆ. ನಮ್ಮ ಯಜಮಾನರಿಗೆ ಮಾತ್ರ ಅದು ಬಿಡದಿ ಕಾರ್ಖಾನೆಯ ಘನಕಾರ್ಯ. ಅಲ್ಲಿನ ಹಳೆಯ ಪ್ರೋಗ್ರಾಮು ಹೊಸ ಕಂಪ್ಯೂಟರಿನಲ್ಲಿ ಓಡದೆಂದು, ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಸುಳ್ಳು ಕಂಪ್ಯೂಟರನ್ನು ಕೂರಿಸಿಕೊಂಡು ಮನೆಗೆ ತಂದಿದ್ದರು. ಒಳಗಿರುವುದು ಗೆಸ್ಟ್, ಜಾಗ ಕೊಟ್ಟದ್ದು ಹೋಸ್ಟ್. ಹೋಸ್ಟ್ ಎಷ್ಟು ಹೊರೆ ಹೊತ್ತು ಸುಸ್ತಾಗಿದೆ ಎಂಬುದು ಗೆಸ್ಟಿಗೆ ಒಳಗಿನಿಂದಲೇ ಕಾಣಬೇಕಂತೆ. ಸೋಮವಾರ ಮ್ಯಾನೇಜರಿಗೆ ಅದನ್ನು ತೋರಿಸದಿದ್ದರೆ ಕೆಲಸ ಇವರ ಕೈತಪ್ಪಿ ಹೊರಗಿನವರ ಪಾಲಂತೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಗೆಸ್ಟ್ ಬಂದರೆ ಮುಗುಳ್ನಗುತ್ತಾ ನೀರು ಕೊಡುವುದನ್ನು ಕಲಿಸಿದ್ದರು. ಹೋಸ್ಟಿನ ಸುಸ್ತು ವಿಚಾರಿಸುವ ಗೆಸ್ಟನ್ನು ಅವರೂ ಕಂಡಿರಲಾರರು. ಮದುವೆಯಾದಂದಿನಿಂದ ನಾನಂತೂ ಕಂಡಿಲ್ಲ.

ಆ ವಾರ ಇನ್ನೊಬ್ಬ ಗೆಸ್ಟೂ ಇದ್ದರು. ಕೋಡಿಹಳ್ಳಿಯಿಂದ ಬಂದ ಇವರ ಅಕ್ಕ, ಜಯಕ್ಕ. ಅವರಿಗೆ ಯಾರ ಅನುಮತಿಯೂ ಬೇಡ. ಬಂದ ಗಳಿಗೆಯಿಂದಲೇ ಡಬ್ಬಿಗಳ ಮುಚ್ಚಳ ತೆಗೆದು ಮೂಸಿ, ಫ್ರಿಜ್ಜಿನಲ್ಲಿದ್ದ ಹಳೆಯ ಹುಳಿಯನ್ನೂ ಪತ್ತೆಹಚ್ಚಿದ್ದರು. ನಾನು ಮೆಲ್ಲಗೆ ತುಪ್ಪದ ಡಬ್ಬಿಯನ್ನು ಅಕ್ಕಿ ಡ್ರಮ್ಮಿನ ಹಿಂದೆ ಸರಿಸಿದೆ.

ಯಜಮಾನರು ಸೆಟ್ಟಿಂಗಿನ ಫೈಲಿನಲ್ಲಿ ಅದೇನೋ ಒಂದು ಸಾಲು ಬರೆಯುವುದು, ಗೆಸ್ಟಿನೊಳಗೆ ಇಣುಕುವುದು, ತಲೆ ಕೆರೆದುಕೊಳ್ಳುವುದು. ಸಿಂಕಿನ ತುಂಬ ಬಿದ್ದ ಪಾತ್ರೆ ಕಾಣದ ಕಣ್ಣಿಗೆ ಹೋಸ್ಟಿನ ಸುಸ್ತು ಕಂಡೀತೇ? ಶನಿವಾರ ಅವರ ಸ್ನೇಹಿತರೊಬ್ಬರು ಫೋನಿನಲ್ಲಿ ತಪ್ಪು ಎಲ್ಲಿದೆಯೆಂದು ತೋರಿಸಿಕೊಟ್ಟರು. ಇವರು ಹಜಾರಕ್ಕೆಲ್ಲ ಕೇಳುವಂತೆ, "ಸರಿ ಬಿಡಿ, ಗೆಸ್ಟ್ ಒಳಗಿರೋವರ್ಗೂ ಏನೂ ಸರಿಹೋಗಲ್ಲ. ಮೊದ್ಲು ಗೆಸ್ಟ್‌ನ ಪೂರ್ತಿ ಕ್ಲೋಸ್ ಮಾಡ್ಬೇಕು" ಅಂದರು.

ಊರಿನ ಹತ್ತಿರದ ಗೆಸ್ಟ್ ಹೌಸಿನ ದೆಸೆಯಿಂದ ಜಯಕ್ಕನಿಗೆ ಗೆಸ್ಟ್ ಎಂದರೆ ಯಾರೆಂದು ಗೊತ್ತಿತ್ತು. ಕ್ಲೋಸ್ ಎಂದರೆ ಏನೆಂದು ಯಾರಿಗೆ ಗೊತ್ತಿಲ್ಲ? ಬ್ಯಾಗು ಹಿಡಿದು ಬಂದು, "ಕೋಡಿಹಳ್ಳಿ ಬಸ್ಸು ಎಷ್ಟೊತ್ಗೈತೆ ಶೈಲಾ?" ಎಂದರು.

ಅವರನ್ನು ಕೂರಿಸಿ, ಕಂಪ್ಯೂಟರಿನ ಹೊಟ್ಟೆ, ಒಳಗಿನ ಗೆಸ್ಟು, ಹೊರಗಿನ ಹೋಸ್ಟು ಎಲ್ಲವನ್ನೂ ಬಿಡಿಸಿ ಹೇಳಿದೆ. ಕೇಳಿ ಬ್ಯಾಗು ಕೆಳಗಿಟ್ಟರು.

"ಸುಸ್ತು ಕಾಣಾಕೆ ಇಷ್ಟು ಒದ್ದಾಟವಾ? ಬಂದಾಗ್ಲಿಂದ ನೋಡ್ತಿವ್ನಿ, ನೀನು ಸೊಂಟ ಹಿಡ್ಕಂಡೇ ಓಡಾಡ್ತಿದ್ದೀಯ. ಇವತ್ತು ನಾನೇ ಒಸಿ ಅಡುಗೆ ಮಾಡಾನ ಅಂತ ಡಬ್ಬಿಯೆಲ್ಲಾ ನೋಡಿ ಮಡಗಿದ್ದೆ. ಎಲ್ಲಾ ಸಿಕ್ತು ಕಣವ್ವ, ತುಪ್ಪ ಒಂದು ಸಿಗ್ನಿಲ್ಲ."

ಅತ್ತ ಯಜಮಾನರ ಗೆಸ್ಟ್ ಪೂರ್ತಿ ಆಫಾಗಿ ಮತ್ತೆ ಎದ್ದಿತು. ಹೋಸ್ಟಿನ ವಿವರವೆಲ್ಲ ಪರದೆಯ ಮೇಲೆ ಬಂದು ಅವರ ಸೋಮವಾರ ಉಳಿಯಿತು. ಇತ್ತ ನಾನು, ಗೆಸ್ಟ್ ಒಳಗಿರುವಾಗಲೇ ಅಕ್ಕಿ ಡ್ರಮ್ಮನ್ನು ಸದ್ದಿಲ್ಲದೆ ಸರಿಸುವುದು ಹೇಗೆಂದು ಯೋಚಿಸುತ್ತಾ, ಮುಗುಳ್ನಗುತ್ತಾ, ಕೈಯಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದೆ.