ಅಲುಗಾಡುವ ಕುರ್ಚಿಗಳ ಮೇಲೆ ಕುಳಿತುಕೊಳ್ಳುವ ಕ್ರಮದ ಬಗ್ಗೆ

ಸಂಖ್ಯೆ: ಕುತಘ/ಜೋಡಣೆ/ಕಾಲು/4

ವಿಷಯ: ಯಾವ ಕಾಲನ್ನು ಯಾವ ಆಸನಕ್ಕಾದರೂ ಜೋಡಿಸಬಹುದಾದ ಹೊಸ ಪದ್ಧತಿಯ ಕುರ್ಚಿಗಳ ಕುರಿತು.

ಉಲ್ಲೇಖ: ಮುಖ್ಯಾಧಿಕಾರಿಯವರು ದಿನಾಂಕ 11ರಂದು ಕುರ್ಚಿಸಮೇತ ಬಿದ್ದದ್ದು.

ಮುಂಗಾಲು, ಹಿಂಗಾಲು, ಆಸನಗಳನ್ನು ಎಂದಿನ ಮೂವರು ಸರಬರಾಜುದಾರರಿಂದ ತರಿಸಿ, ಉಜ್ಜದೆಯೇ ಸ್ಕ್ರೂ ಬಿಗಿಯುವ ಪದ್ಧತಿ ಈಗ ಜಾರಿಯಲ್ಲಿದೆ. ಬಿಡಿಭಾಗಗಳು ತಾವಾಗಿಯೇ ಹೊಂದಿಕೊಳ್ಳುವುದರಿಂದ, ಕಾಲುಗಳನ್ನು ಅರದಿಂದ ಉಜ್ಜಿ ಸಮ ಮಾಡುತ್ತಿದ್ದ ಬಡಗಿ ಮೇಸ್ತ್ರಿಯವರ ಹುದ್ದೆಯನ್ನು ಕಳೆದ ತಿಂಗಳು ರದ್ದುಪಡಿಸಲಾಗಿತ್ತು. ಆ ಬಳಿಕ ಒಂದು ಕುರ್ಚಿಯೂ ನೆಟ್ಟಗೆ ನಿಂತಿಲ್ಲ. ವಿಚಾರಿಸಲಾಗಿ ಮೂವರೂ ಪ್ರತ್ಯೇಕವಾಗಿ, "ನಾವು ಯಾವಾಗ್ಲೂ ಅಳತೇಲಿ ಒಂಚೂರು ಜಾಸ್ತೀನೇ ಬಿಡೋದು ಸ್ವಾಮಿ, ಮೇಸ್ತ್ರಿ ನೋಡ್ಕೋತಾರಲ್ಲ" ಎಂದು ಒಂದೇ ಉತ್ತರ ನೀಡಿರುತ್ತಾರೆ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಕೆಳಕಂಡಂತೆ ಸೂಚಿಸಲಾಗಿದೆ.

1. ಕುರ್ಚಿ ಅಲುಗಾಡುತ್ತಿದೆ ಎನ್ನತಕ್ಕದ್ದಲ್ಲ. ತಯಾರಿಕೆಯಲ್ಲಿ ಸಾಧಿಸಬೇಕಿದ್ದ ನಮ್ಯತೆಯು ಕುರ್ಚಿಯಲ್ಲೇ ಸಿದ್ಧಿಸಿದೆ ಎಂದು ಪರಿಗಣಿಸತಕ್ಕದ್ದು.

2. ಗಿಡ್ಡ ಕಾಲಿನಡಿ ಮಡಚಿದ ಕಾಗದವಿಡಲು ಅನುಮತಿ ಇದೆ. ಈ ಸುತ್ತೋಲೆಯನ್ನು ಇಡುವಂತಿಲ್ಲ. ಹಿಂದಿನ ಮೂರೂ ಸುತ್ತೋಲೆಗಳು ಅಲ್ಲಿಯೇ ಸಿಕ್ಕಿವೆ.

3. ಸಮನ್ವಯಕ್ಕಾಗಿ ಮೂವರು ಸರಬರಾಜುದಾರರೂ ಪ್ರತಿ ಸೋಮವಾರ ಒಂದೇ ಬೆಂಚಿನಲ್ಲಿ ಕುಳಿತು ಅಳತೆ ಮಾತನಾಡತಕ್ಕದ್ದು. ಬೆಂಚನ್ನು ಹೊರಗಿನಿಂದ ತರಿಸಲಾಗುವುದು.

4. ಭೇಟಿಗೆ ಬಂದವರು ಎಡಕ್ಕೆ ವಾಲಿ ಕೂರತಕ್ಕದ್ದು. ಸಿಬ್ಬಂದಿ ಬಲಕ್ಕೆ. ಎದುರುಬದುರಾಗಿ ವಾಲಿದವರು ಪರಸ್ಪರ ನೋಡಿ ನಗತಕ್ಕದ್ದಲ್ಲ.

5. ಶಾಲೆಯವರು ಬುಧವಾರ ಒಂಬೈನೂರು ಕುರ್ಚಿ ಒಯ್ಯಲು ಬರುತ್ತಿದ್ದು, ಅವು ನಿಲ್ಲದಿದ್ದರೆ ಕಾರ್ಖಾನೆಗೆ ಬೀಗವೇ ಗತಿ. ಇಷ್ಟು ವರ್ಷ ಮೂವರನ್ನೂ ಜೋಡಿಸಿಟ್ಟಿದ್ದು ಮೇಸ್ತ್ರಿಯವರ ಕೈಯ ಅರವೊಂದೇ ಎಂಬುದು ತಡವಾಗಿ ಕಂಡುಬಂದಿದೆ. ಈ ಕಚೇರಿಗೆ ನಾಚಿಕೆಯಾಗಿದೆ. ಸದರಿ ನಾಚಿಕೆಯನ್ನು ಕಡತಕ್ಕೆ ಸೇರಿಸತಕ್ಕದ್ದಲ್ಲ. ಮೇಸ್ತ್ರಿಯವರು ಸೋಮವಾರ ಬೆಳಿಗ್ಗೆ ಎಂಟಕ್ಕೆ ಅರದ ಸಮೇತ, ಹುದ್ದೆರಹಿತರಾಗಿ, ಹಿಂದಿನದನ್ನೆಲ್ಲ ಮರೆತು ಹಾಜರಾಗತಕ್ಕದ್ದು.

(ಸಹಿ)
ಜೋಡಣಾಧಿಕಾರಿ
(ನಿಂತುಕೊಂಡು ಸಹಿ ಮಾಡಲಾಗಿದೆ)

ಪ್ರತಿಗಳು:

1. ಮೂವರು ಸರಬರಾಜುದಾರರಿಗೆ, ಒಂದೇ ಲಕೋಟೆಯಲ್ಲಿ. ಲಕೋಟೆ ಯಾರ ಬಳಿ ಇರಬೇಕೆಂದು ಅವರೇ ತೀರ್ಮಾನಿಸುವುದು.

2. ಮುಖ್ಯಾಧಿಕಾರಿಯವರಿಗೆ, ಮಲಗಿಕೊಂಡೇ ಓದಲು.

3. ಮೇಸ್ತ್ರಿಯವರಿಗೆ, ಮಗಳ ಮುಖಾಂತರ. "ಅಪ್ಪ ಎದುರಿನ ಕಾರ್ಖಾನೆಗೆ ಸೇರ್ಕೊಂಡ್ರು. ಮೊದಲನೇ ದಿನಾನೇ ಕುರ್ಚಿ ಕೊಟ್ಟು ಕೂರಿಸಿದ್ರಂತೆ" ಎಂದು ಆಕೆ ತಿಳಿಸಿರುವುದನ್ನು ಈ ಕಚೇರಿ ಇನ್ನೂ ಸ್ವೀಕರಿಸಿಲ್ಲ.