ನನ್ನ ಬೆಂಚು ತಪ್ಪಿಸಿದ ಎರಡು ಹೊಸ ತಂಡಗಳ ವಿಚಾರ

ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಿನ ಘನ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ತಾವು, ತಮ್ಮ ಕುಟುಂಬವರ್ಗ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ತಮ್ಮ ಮೊಣಕಾಲುಗಳು ಕ್ಷೇಮವೆಂದು ನಂಬಿ, ಎರಡೂ ಕೈ ಜೋಡಿಸಿ, ಹೆಬ್ಬೆರಳಿಗೆ ಪಟ್ಟಿ ಸುತ್ತಿರುವುದರಿಂದ ಕೊಂಚ ಓರೆಯಾಗಿ ಜೋಡಿಸಿ, ಬರೆದುಕೊಳ್ಳುವ ಬಿನ್ನಹ. ಇದನ್ನು ಬಹಿರಂಗವಾಗಿ ಏಕೆ ಬರೆಯುತ್ತಿದ್ದೇನೆಂದರೆ, ಹಿಂದೊಮ್ಮೆ ಖಾಸಗಿಯಾಗಿ ಬರೆದಾಗ ತಮ್ಮ ಕಚೇರಿಯವರು "ಅಭಿಮಾನಿಗಳ ಪ್ರೀತಿಯೇ ನಮ್ಮ ಶಕ್ತಿ" ಎಂಬ ಅಚ್ಚು ಹಾಕಿಸಿದ ಉತ್ತರವನ್ನೂ ಜೊತೆಗೊಂದು ಕೀಲಿಗೊಂಚಲನ್ನೂ ಕಳಿಸಿದ್ದರು. ಕೀಲಿಗೊಂಚಲು ಚೆನ್ನಾಗಿದೆ. ಆದರೆ ನಾನು ಅಭಿಮಾನಿಯಲ್ಲ. ತಮ್ಮ ಲೀಗಿನಲ್ಲಿ ಬಹಳ ವರ್ಷಗಳಿಂದ ಇರುವ ಆಟಗಾರ.

ತಮಗೆ ನನ್ನ ನೆನಪಿಲ್ಲದಿರುವುದು ತಮ್ಮ ತಪ್ಪಲ್ಲ. ಒಮ್ಮೆ ಅಂತಿಮ ಪಂದ್ಯಕ್ಕೆ ಮುಂಚೆ ತಾವು ಸಾಲಾಗಿ ನಿಂತಿದ್ದ ಆಟಗಾರರ ಕೈ ಕುಲುಕುತ್ತಾ ಬಂದು, ಕೊನೆಯಲ್ಲಿದ್ದ ನನ್ನ ಮುಂದೆ ನಿಂತು, ಕುಡಿಯಲು ಸ್ವಲ್ಪ ನೀರು ಸಿಗಬಹುದೇ ಎಂದು ಮೆಲ್ಲಗೆ ಕೇಳಿದ್ದಿರಿ. ನಾನು ತಂದುಕೊಟ್ಟೆ. ಆ ಇಡೀ ಸರಣಿಯಲ್ಲಿ ನನ್ನಿಂದ ಆದ ಉಪಯೋಗ ಅದೊಂದೇ ಎಂದು ನಮ್ಮ ಅತ್ತೆಯವರು ಈಗಲೂ ಬಂದವರಿಗೆಲ್ಲ ಹೇಳುತ್ತಿರುತ್ತಾರೆ.

ನನ್ನ ಜಾಗ ಬೆಂಚಿನ ಕಟ್ಟಕಡೆಯದು. ಒಂದು ಪಕ್ಕದಲ್ಲಿ ನೀರಿನ ಡ್ರಮ್ಮು, ಇನ್ನೊಂದು ಪಕ್ಕದಲ್ಲಿ ನಾವು ಏಣಿ ಎಂದು ಕರೆಯುತ್ತಿದ್ದ ಉದ್ದನೆಯ ಗೆಳೆಯ. ಕೂರುವುದೆಂದರೆ ಸುಮ್ಮನೆ ಕುಂಡೆ ಊರುವುದು ಎಂದು ತಿಳಿದವರಿದ್ದಾರೆ. ಅದು ಹಾಗಲ್ಲ. ತೊಡೆಯ ಮೇಲೆ ಟವೆಲು ಹಾಸಿಕೊಂಡು, ಈಗಲೋ ಆಗಲೋ ಎದ್ದುಬಿಡುವವನಂತೆ ಮುಂದಕ್ಕೆ ಬಾಗಿ, ಆದರೆ ನಿಜವಾಗಿ ಏಳುವ ಯಾವ ಅಪಾಯಕ್ಕೂ ಸಿಗದಂತೆ ತರಬೇತುದಾರರ ಕಣ್ಣು ತಪ್ಪಿಸಿ, ನಮ್ಮವರು ಬುಟ್ಟಿಗೆ ಹಾಕಿದಾಗ ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟುವುದು ಒಂದು ವಿದ್ಯೆ. ಅದರಲ್ಲಿ ನನ್ನನ್ನು ಮೀರಿಸುವವರು ಲೀಗಿನಲ್ಲೇ ಇರಲಿಲ್ಲ. ಅಂಕಗಳ ಅಂತರ ವಿಪರೀತವಾಗಿ, ಪ್ರೇಕ್ಷಕರು ಗಾಡಿಯ ಕೀಲಿ ಹುಡುಕಿಕೊಳ್ಳಲು ಶುರುಮಾಡಿದ ಮೇಲೆ ಒಮ್ಮೊಮ್ಮೆ ನನ್ನನ್ನು ಅಂಗಳಕ್ಕೆ ಇಳಿಸುತ್ತಿದ್ದರು. ನಾನು ಒಂದು ಸುತ್ತು ಓಡಿ, ಯಾರ ತಂಟೆಗೂ ಹೋಗದೆ, ಬೆವರು ಬರುವಷ್ಟರಲ್ಲಿ ವಾಪಸ್ಸಾಗುತ್ತಿದ್ದೆ. ಇಂಥ ಸುಖಜೀವನ ನಡೆಯುತ್ತಿರುವಾಗ ತಾವು, ಆಟ ನಾಡಿನ ಮೂಲೆಮೂಲೆಗೂ ಹಬ್ಬಬೇಕೆಂಬ ಉದಾತ್ತ ಧ್ಯೇಯದಿಂದ, ಲೀಗಿಗೆ ಎರಡು ಹೊಸ ತಂಡಗಳನ್ನು ಸೇರಿಸುವುದಾಗಿ ಘೋಷಿಸಿದಿರಿ. ಆ ಘೋಷಣೆಗೂ ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದವನು ನಾನೇ.

ನಿಯಮ ತಿಳಿದದ್ದು ಆಮೇಲೆ. ಹಳೆಯ ತಂಡಗಳು ತಮಗೆ ಬೇಕಾದ ಎಂಟು ಜನರನ್ನು ಉಳಿಸಿಕೊಳ್ಳಬಹುದು; ಉಳಿದವರೊಳಗಿಂದ ಹೊಸ ತಂಡಗಳು ತಮಗೆ ಬೇಕಾದವರನ್ನು ಎತ್ತಿಕೊಳ್ಳಬಹುದು. 'ಉಳಿಸಿಕೊಂಡವರು', 'ಉಳಿದವರು' ಎಂಬ ಅಕ್ಕತಂಗಿಯರಂಥ ಎರಡು ಮಾತುಗಳ ನಡುವೆ ಇಷ್ಟೊಂದು ದೂರವಿದೆಯೆಂದು ಕಲಿಸಿಕೊಟ್ಟದ್ದಕ್ಕೆ ನಾನು ತಮಗೆ ಋಣಿ. ಮನೆಯ ಹಳೇ ಪಾತ್ರೆಯನ್ನು ಯಾರೂ ಎಸೆಯುವುದಿಲ್ಲವಲ್ಲ, ಹಾಗೆ ನನ್ನನ್ನೂ ಇಟ್ಟುಕೊಳ್ಳುತ್ತಾರೆ ಎಂಬ ಧೈರ್ಯದಲ್ಲಿದ್ದೆ. ನಮ್ಮ ತರಬೇತುದಾರರು ನನ್ನನ್ನು ಚೆಂಡುಗಳಿಗೆ ಗಾಳಿ ತುಂಬುವ ಕೋಣೆಗೆ ಕರೆದು, ಪಂಪನ್ನು ಒತ್ತುತ್ತಲೇ, ಮುಖ ನೋಡದೆ ಹೇಳಿದರು: "ನಿನ್ನ ಒಳ್ಳೇದಕ್ಕೇ ಬಿಟ್ಟಿದೀನಿ ಕಣೋ. ಹೊಸ ತಂಡಕ್ಕೆ ಹೋದ್ರೆ ಆಡೋಕಾದ್ರೂ ಸಿಗತ್ತೆ." ನನ್ನ ಒಳ್ಳೆಯದು ಯಾವುದು ಎಂದು ಅವರು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೆ, ನೀರಿನ ಡ್ರಮ್ಮಿನ ಪಕ್ಕದ ಜಾಗ ಎಂದು ಹೇಳುತ್ತಿದ್ದೆ.

ಆಯ್ಕೆಯ ದಿನ ಮನೆಮಂದಿಯೆಲ್ಲ ಟೀವಿ ಮುಂದೆ ಕೂತೆವು. ನನ್ನ ಹೆಂಡತಿ ದಂತವೈದ್ಯೆ; ಮಧ್ಯಾಹ್ನದ ರೋಗಿಗಳನ್ನು ಬೇಗ ಮುಗಿಸಿ ಬಂದಿದ್ದಳು. ಅತ್ತೆಯವರು ಪಕ್ಕದ ಮನೆಯವರನ್ನೂ ಕರೆದಿದ್ದರು. ಯಾರೂ ನನ್ನನ್ನು ಆರಿಸದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಆದರೆ ಒಂದೊಂದೇ ಹೆಸರು ಬಂದು ಹೋಗಿ, ನನ್ನದು ಬಾರದೆ ಇದ್ದಾಗ, ಮಾನ್ಯರೇ, ಅದೇಕೋ ಎದ್ದು ಹೋಗಿ ಟೀವಿಯ ಸದ್ದು ಜೋರು ಮಾಡಿದೆ. ಏಣಿಯನ್ನು ಕರೆದರು. ಪಕ್ಕದ ಮನೆಯವರು ನೆಲ ನೋಡತೊಡಗಿದರು. ಕಟ್ಟಕಡೆಗೆ, ಇನ್ನೊಂದು ಜಾಗ ತುಂಬಲೇಬೇಕಾಗಿ ಬಂದಾಗ, ಕಾರ್ಯಕ್ರಮ ನಡೆಸುತ್ತಿದ್ದವರು ಕೈಲಿದ್ದ ಹಾಳೆಯನ್ನು ಎರಡು ಸಲ ನೋಡಿ, ಅಕ್ಷರ ಅಕ್ಷರ ಕೂಡಿಸಿ ನನ್ನ ಹೆಸರು ಓದಿದರು. ತಮ್ಮ ಕಚೇರಿಯಲ್ಲಿ ನನ್ನ ಫೋಟೋ ಇರಲಿಲ್ಲವಾದ್ದರಿಂದ ಪರದೆಯ ಮೇಲೆ ಒಂದು ಕಪ್ಪು ತಲೆಯ ಆಕಾರ ಬಂತು. ಅಳಿಯಂದಿರ ಫೋಟೋ ಚೆನ್ನಾಗಿ ಬಂದಿದೆ ಎಂದರು ಅತ್ತೆಯವರು.

ನೆಂಟರಿಷ್ಟರ ಫೋನುಗಳೆಲ್ಲ ಮುಗಿದ ಮೇಲೆ, ಹೋಗದಿರಲು ಇರುವ ಕಾರಣಗಳನ್ನೆಲ್ಲ ನಾನು ಹೆಂಡತಿಯ ಮುಂದೆ ಹರಡಿದೆ: ನನ್ನ ವಯಸ್ಸು, ನನ್ನ ಬೆನ್ನು, ದೂರದ ಊರು, ಮನೆಯ ಜವಾಬ್ದಾರಿ. ಅವಳು ಕ್ಲಿನಿಕ್ಕು ಬಿಟ್ಟು ಬರುವಂತಿಲ್ಲ ಎಂಬುದನ್ನಂತೂ ಒತ್ತಿ ಒತ್ತಿ ಹೇಳಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು ಅಂದಳು: "ಮದುವೆ ಆದಾಗಿಂದ ನಿಮ್ಮ ಮ್ಯಾಚಿಗೆ ಬರ್ತಾನೇ ಇದೀನಿ. ನೀವು ಆಡೋದನ್ನ ಮಾತ್ರ ಇನ್ನೂ ನೋಡಿಲ್ಲ. ಒಂದು ವರ್ಷ ಹೋಗಿ ಬನ್ನಿ." ಹಲ್ಲು ಕೀಳುವವರ ದನಿಗೆ ಎದುರಾಡುವುದು ಕಷ್ಟ. ಹೊರಟೆ.

ಹೊಸ ತಂಡದ ಅಂಗಳ ಮೊದಲು ಧಾನ್ಯದ ಗೋದಾಮಾಗಿತ್ತು. ಚೆಂಡು ಪುಟಿದಾಗಲೆಲ್ಲ ಮೇಲಿನ ತೊಲೆಗಳಿಂದ ಹಳೆಯ ಹೊಟ್ಟು ಉದುರುತ್ತಿತ್ತು. ನನ್ನ ಕೋಣೆ ಟಯರ್ ಅಂಗಡಿಯ ಮೇಲಿತ್ತು. ಮೊದಲ ದಿನ ಬಂದು ಸೇರಿದವರನ್ನು ನೋಡಿದರೆ, ಎಲ್ಲಾ ಪರಿಚಿತ ಮುಖಗಳೇ: ಬೇರೆ ಬೇರೆ ತಂಡಗಳ ಬೆಂಚಿನ ತುದಿಯಲ್ಲಿ ಕೂತು ನನ್ನತ್ತ ಎಷ್ಟೋ ವರ್ಷಗಳಿಂದ ತಲೆಯಾಡಿಸುತ್ತಿದ್ದ ನನ್ನದೇ ಕುಲದವರು. ನಮ್ಮ ಹೊಸ ತರಬೇತುದಾರರು ಹಿಂದೆ ಹೆಸರಾಂತ ಆಟಗಾರ್ತಿ. ಮೊಣಕಾಲು ಮುರಿದು ಆಟ ಬಿಟ್ಟವರು. ಐದು ಜನ ಮುಂದೆ ಬನ್ನಿ ಎಂದರು. ನಾವು ಹಿಂದಿನಿಂದ ಒಬ್ಬರನ್ನೊಬ್ಬರು ಮರ್ಯಾದೆಯಿಂದ ಮುಂದಕ್ಕೆ ತಳ್ಳಿದೆವು. ಅವರು ಬೆನ್ನು ತಿರುಗಿಸಿ ಹಲಗೆಯ ಮೇಲೇನೋ ಬರೆದು ಮತ್ತೆ ತಿರುಗುವಷ್ಟರಲ್ಲಿ ಇಡೀ ತಂಡ ಬೆಂಚಿನ ಮೇಲಿತ್ತು, ಅದರಲ್ಲೂ ತುದಿಯ ಜಾಗಕ್ಕಾಗಿ ನಾನೂ ಏಣಿಯೂ ಭುಜಕ್ಕೆ ಭುಜ ಕೊಟ್ಟು ನೂಕಾಡುತ್ತಿದ್ದೆವು. ಮರುದಿನ ಬೆಂಚನ್ನು ಹೊರಗೆ ಸಾಗಿಸಿದ್ದರು. ನನ್ನನ್ನು ಮೊದಲ ಐವರಲ್ಲಿ ಹಾಕಿದಾಗ, ನನ್ನಲ್ಲಿ ಏನು ಕಂಡಿರಿ ಎಂದು ಆಸೆಯಿಂದ ಕೇಳಿದೆ. "ಬೇರೆಯವರಿಗೆಲ್ಲ ಕಾಲು ಉಳುಕಿದೆ" ಎಂದರು.

ಮಾನ್ಯರೇ, ಈ ಆಟದ ಅಂಗಳ ಎಷ್ಟು ಉದ್ದವಿದೆ ಎಂದು ತಮಗೆ ಗೊತ್ತೇ? ನನಗೆ ಗೊತ್ತಿರಲಿಲ್ಲ. ಕೂತು ನೋಡಿದರೆ ಚಿಕ್ಕದಾಗಿಯೇ ಕಾಣುತ್ತದೆ. ಮೊದಲ ಪಂದ್ಯದಲ್ಲಿ ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂದು, ನಾನು ನೇರವಾಗಿ ಎದುರಾಳಿಗಳ ಬೆಂಚಿಗೆ ಹೋಗಿ ಕೂತೆ. ಅವರು ಪಾಪ, ನೀರು ಕೊಟ್ಟು ಕಳಿಸಿದರು. ನಾವು ಎಷ್ಟು ಅಂತರದಿಂದ ಸೋತೆವೆಂದರೆ ಕೊನೆಯಲ್ಲಿ ಅವರು ತಮ್ಮ ಬೆಂಚಿನ ತುದಿಯವನನ್ನೂ ಇಳಿಸಿದರು. ಅವನು ಒಂದು ಸುತ್ತು ಓಡಿ, ಯಾರ ತಂಟೆಗೂ ಬಾರದೆ ನಿಂತಾಗ, ನನಗೆ ಕನ್ನಡಿ ನೋಡಿದಂತಾಗಿ ಅವನ ಬೆನ್ನು ತಟ್ಟಿದೆ. ತೀರ್ಪುಗಾರರು ಅದನ್ನೂ ಫೌಲ್ ಎಂದು ಬರೆದುಕೊಂಡರು.

ಸೋಲುಗಳು ಒಂದರ ಹಿಂದೊಂದು ಬಂದವು. ಹೆಂಡತಿ ದಿನಾ ಫೋನು ಮಾಡಿ, ಯಾರು ಗೆದ್ದರು ಎಂದು ಕೇಳದೆ, ಎಲ್ಲಿ ನೋವು ಎಂದಷ್ಟೇ ಕೇಳುತ್ತಿದ್ದಳು. ಒಂದು ದಿನ ನಾನು ನೋವಿನ ವರದಿ ಕೊಡುವುದನ್ನು ನಿಲ್ಲಿಸಿ, ಇನ್ನು ನನ್ನಿಂದಾಗದು, ಗಂಟುಮೂಟೆ ಕಟ್ಟಿದ್ದೇನೆ ಎಂದೆ. ಅದು ನಿಜವೇ ಆಗಿತ್ತು. ಚೀಲ ಬಾಗಿಲ ಹತ್ತಿರವಿತ್ತು. "ಬನ್ನಿ, ಬೇಡ ಅನ್ನಲ್ಲ" ಎಂದಳು ಅವಳು. "ಆದ್ರೆ ಆಡಿ ಸುಸ್ತಾಗಿ ಬರ್ತಿದೀರೋ, ನಾಚಿಕೆ ಆಗಿ ಬರ್ತಿದೀರೋ, ಅದನ್ನ ಮಾತ್ರ ನನಗೆ ನಿಜ ಹೇಳಿ." ಆಮೇಲೆ ಹೇಳುತ್ತೇನೆ ಎಂದು ಫೋನು ಇಟ್ಟೆ. ಕೆಳಗೆ ಯಾರದೋ ಟಯರಿಗೆ ಗಾಳಿ ತುಂಬುತ್ತಿದ್ದ ಸದ್ದು ಕೇಳುತ್ತಾ ಬಹಳ ಹೊತ್ತು ಕೂತಿದ್ದೆ. ಬೆಳಗಾದ ಮೇಲೆ ಚೀಲ ಬಿಚ್ಚಿ, ಅದರೊಳಗೆ ಸೇರಿಹೋಗಿದ್ದ ಬೂಟು ಹುಡುಕಿ, ಅಭ್ಯಾಸಕ್ಕೆ ಹೋದೆ. ಅದಾದ ಮೇಲೆ ನಾವು ಗೆಲ್ಲತೊಡಗಿದೆವು ಎಂದು ಬರೆದರೆ ತಮಗೆ ಸಂತೋಷವಾಗುತ್ತಿತ್ತು. ಹಾಗಾಗಲಿಲ್ಲ. ಸ್ವಲ್ಪ ಕಡಿಮೆ ಅಂತರದಿಂದ ಸೋಲತೊಡಗಿದೆವು. ಪ್ರೇಕ್ಷಕರು ಗಾಡಿಯ ಕೀಲಿ ಹುಡುಕುವುದನ್ನು ಆಟದ ಕೊನೆಯ ಕೆಲವು ನಿಮಿಷಗಳವರೆಗೆ ಮುಂದೂಡಿದರು.

ಹೀಗಿರುವಾಗ ನನ್ನ ಹಳೆಯ ತಂಡದ ವಿರುದ್ಧ, ಅವರದೇ ಅಂಗಳದಲ್ಲಿ ಪಂದ್ಯ ಬಂತು. ಹೆಂಡತಿ ಕ್ಲಿನಿಕ್ಕಿಗೆ ಬೀಗ ಹಾಕಿ, ತುರ್ತಿದ್ದವರು ಆಟದ ಅಂಗಳಕ್ಕೇ ಬರಬೇಕು ಎಂದು ಬಾಗಿಲಿಗೆ ಚೀಟಿ ಅಂಟಿಸಿ, ಅತ್ತೆಯವರನ್ನೂ ಕರೆದುಕೊಂಡು ಬಂದಿದ್ದಳು. ಆ ದಿನ ನನಗೆ ಏನಾಯಿತೋ ತಿಳಿಯದು. ನಮ್ಮ ಹಳೆಯ ನಾಯಕ ಬುಟ್ಟಿಯ ಕಡೆಗೆ ನುಗ್ಗಿದಾಗಲೆಲ್ಲ ನಾನು ಅಡ್ಡ ನಿಂತೆ. ಅವನ ಮೊಣಕೈ ತಗುಲಿ ನನ್ನ ತುಟಿ ಒಡೆಯಿತು. ಏಣಿ ಮೇಲಿಂದ ಚೆಂಡು ಹಿಡಿದು ನನಗೆ ಕೊಟ್ಟ, ನಾನು ಬುಟ್ಟಿಗೆ ಹಾಕಿದೆ, ಹಾಕಿದವನು ನಾನೇ ಎಂಬುದನ್ನು ಮರೆತು ಚಪ್ಪಾಳೆ ತಟ್ಟಿದೆ. ಕೊನೆಯ ಗಳಿಗೆಗಳಲ್ಲಿ ಎರಡೂ ತಂಡಗಳು ಸಮಸಮವಾಗಿದ್ದಾಗ ತೀರ್ಪುಗಾರರ ಸೀಟಿ ಮೊಳಗಿತು. ನನ್ನ ಐದನೇ ಫೌಲ್. ಐದು ಫೌಲ್ ಆದವನು ಹೊರಗೆ ಹೋಗಬೇಕು. ನನ್ನ ಇಡೀ ಆಟದ ಬದುಕಿನಲ್ಲಿ ಐದು ಫೌಲ್ ಮಾಡುವಷ್ಟು ಹೊತ್ತು ನಾನು ಅಂಗಳದಲ್ಲಿ ಇದ್ದದ್ದೇ ಇಲ್ಲ.

ಮಾನ್ಯರೇ, ನಾನು ಬೆಂಚಿಗೆ ಹೋದೆ. ನನಗೆ ಬೇಕಾದ ತುದಿಯ ಜಾಗ ಖಾಲಿಯೇ ಇತ್ತು. ಯಾರೂ ನೂಕಲಿಲ್ಲ. ಕೂತೆ, ಕೂರಲಾಗಲಿಲ್ಲ, ಎದ್ದೆ, ನಿಲ್ಲಲಾಗಲಿಲ್ಲ. ಇಷ್ಟು ವರ್ಷ ಕೂತದ್ದು ಯಾವ ಗುಂಡಿಗೆಯಿಂದ ಎಂದು ನನಗೇ ಆಶ್ಚರ್ಯವಾಯಿತು. ನಾವು ಒಂದೇ ಒಂದು ಅಂಕದಿಂದ ಸೋತೆವು. ನಾನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಹೆಂಡತಿ ಗ್ಯಾಲರಿಯಿಂದ ಇಳಿದು ಬಂದು, ಟವೆಲು ಸರಿಸಿ, ನನ್ನ ಬಾಯಿ ತೆರೆಸಿ, ಬೆರಳಿನಿಂದ ಒಂದೊಂದೇ ಹಲ್ಲು ಅಲುಗಾಡಿಸಿ ನೋಡಿದಳು. ಎಲ್ಲಾ ಗಟ್ಟಿಯಾಗಿವೆ ಎಂದು ಖಾತ್ರಿಯಾದ ಮೇಲೆ ಕೇಳಿದಳು: "ಮುಂದಿನ ಮ್ಯಾಚ್ ಯಾವಾಗ?"

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ದೂರು ಏನೆಂದರೆ, ತಾವು ಆಟವನ್ನು ಬೆಳೆಸುವ ಭರದಲ್ಲಿ, ಯಾರಿಗೂ ತೊಂದರೆ ಕೊಡದೆ ಕೂತಿದ್ದ ಒಬ್ಬ ಸಂಭಾವಿತನನ್ನು ಹಾಳುಮಾಡಿದ್ದೀರಿ. ಈಗ ನನಗೆ ಸೋತರೆ ನಿದ್ದೆ ಬರುವುದಿಲ್ಲ. ಪರಿಹಾರವಾಗಿ ಅಂಗಳವನ್ನು ನಾಲ್ಕು ಹೆಜ್ಜೆ ಗಿಡ್ಡ ಮಾಡಿಸಬೇಕು, ಬುಟ್ಟಿಯನ್ನು ನಮ್ಮ ಸರದಿಯಲ್ಲಿ ಮಾತ್ರ ಒಂದು ಗೇಣು ಕೆಳಗಿಳಿಸಬೇಕು, ಮತ್ತು ನಾನು ಬೆಂಚಿನ ಮೇಲೆ ಕೂತೇ ಕಳೆದ ವರ್ಷಗಳನ್ನು, ಬಳಸದೆ ಹೊಸದಾಗಿಯೇ ಇರುವುದರಿಂದ, ಹಾಗೆಯೇ ವಾಪಸ್ಸು ಕೊಡಿಸಬೇಕು. ಇಷ್ಟು ಆಗದಿದ್ದರೆ ಕಡೇಪಕ್ಷ ಒಂದು ಫೋಟೋ ತೆಗೆಸಲು ಜನ ಕಳಿಸಿ.

ಮುಂದಿನ ಪಂದ್ಯಕ್ಕೆ ಬೂಟಿನ ದಾರ ಬಿಗಿಯುತ್ತಾ ನಿಂತಿರುವ,
ತಮ್ಮ ವಿಶ್ವಾಸಿ,
ಹೊಸ ತಂಡದ ಹಳೆಯ ಆಟಗಾರ

ಮರೆತ ಮಾತು: ಲೀಗಿಗೆ ಇನ್ನೂ ಎರಡು ತಂಡಗಳನ್ನು ಸೇರಿಸುವ ಆಲೋಚನೆ ಇದೆಯೆಂದು ಕೇಳಿ ಆನಂದವಾಯಿತು. ತಮ್ಮ ಆಡಳಿತ ಮಂಡಳಿಯಲ್ಲೂ ಒಂದೇ ಕುರ್ಚಿಯಲ್ಲಿ ಬಹುಕಾಲದಿಂದ ಕೂತು, ಯಾರ ತಂಟೆಗೂ ಹೋಗದೆ, ಸಮಯಕ್ಕೆ ಸರಿಯಾಗಿ ಚಪ್ಪಾಳೆ ತಟ್ಟುವ ಹಿರಿಯರು ಅನೇಕರಿದ್ದಾರೆ. ಅವರ ಒಳ್ಳೆಯದಕ್ಕಾಗಿ, ಈ ಬಾರಿ ನಿಯಮವನ್ನು ಅವರಿಗೂ ಅನ್ವಯಿಸಿ ನೋಡಬಹುದು. ತಮ್ಮನ್ನು ಯಾರಾದರೂ ಉಳಿಸಿಕೊಳ್ಳುತ್ತಾರೆ ಎಂಬ ಭರವಸೆ ನನಗಿದೆ. ಇಲ್ಲದಿದ್ದರೂ ಚಿಂತೆಯಿಲ್ಲ, ಟಯರ್ ಅಂಗಡಿಯ ಮೇಲೆ ಇನ್ನೊಂದು ಕೋಣೆ ಖಾಲಿ ಇದೆ.